ಉಸಿರು ಬಿಡಲು ಕಲಿತ ಮೇಲೆ

ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರಿಗೆ ನೀರಿನ ಭಯ ಇರುವುದಿಲ್ಲ. ಆದರೆ ಬಾವಿಯ ಈಜಿನಲ್ಲಿ ತಲೆ ಸದಾ ನೀರಿನ ಮೇಲೇ ಇರುವುದರಿಂದ ಉಸಿರಾಟದ ಬಗ್ಗೆ ಯೋಚಿಸುವ ಪ್ರಮೇಯವೇ ಬರುವುದಿಲ್ಲ. ನಾನೂ ಹಾಗೆ ಕಲಿತವನು. ಬೆಂಗಳೂರಿಗೆ ಬಂದು, 50 ಮೀಟರಿನ ಕೊಳದಲ್ಲಿ ಮುಖವನ್ನು ನೀರೊಳಗಿಟ್ಟು ಫ್ರೀಸ್ಟೈಲ್ ಈಜಲು ಹೊರಟಾಗ ಅರ್ಧ ಕೊಳ ದಾಟುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಕೈಕಾಲುಗಳಲ್ಲಿ ಕಸುವು ಉಳಿದಿರುತ್ತಿತ್ತು, ಎದೆ ಮಾತ್ರ ಬಿಗಿದುಕೊಳ್ಳುತ್ತಿತ್ತು.

ದಡದಲ್ಲಿ ನಿಂತು ನೋಡುತ್ತಿದ್ದ ಕೋಚ್ ಕೇಳಿದ್ದು ಒಂದೇ ಪ್ರಶ್ನೆ: “ಉಸಿರು ಚೆನ್ನಾಗಿ ಎಳೆದುಕೊಳ್ಳುತ್ತೀರಿ ಸರ್, ಬಿಡುವುದು ಯಾವಾಗ?”

ವಿಷಯವೆಲ್ಲ ಅಲ್ಲೇ ಇತ್ತು. ಉಸಿರುಗಟ್ಟಿದಂತೆ ಅನ್ನಿಸುವುದು ಸಾಮಾನ್ಯವಾಗಿ ಆಮ್ಲಜನಕ ಮುಗಿದದ್ದಕ್ಕಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಕ್ಕೆ. ಬಾಯಿ ನೀರಿನಿಂದ ಹೊರಗಿರುವ ಆ ಅರೆಗಳಿಗೆಯಲ್ಲಿ ಹಳೆಯ ಗಾಳಿಯನ್ನು ಹೊರಹಾಕಿ ಹೊಸದನ್ನೂ ತುಂಬಿಕೊಳ್ಳಲು ಹೊರಟರೆ ಎರಡೂ ಅರೆಬರೆಯಾಗುತ್ತವೆ. ಬಿಡುವ ಕೆಲಸವೆಲ್ಲ ನೀರೊಳಗೇ ಮುಗಿದಿರಬೇಕು.

ಹಾಗಾಗಿ ಮೊದಲ ಕೆಲವು ವಾರ ನಾನು ಈಜಿದ್ದಕ್ಕಿಂತ ಕೊಳದ ಅಂಚು ಹಿಡಿದು ಗುಳ್ಳೆ ಬಿಟ್ಟಿದ್ದೇ ಹೆಚ್ಚು. ಬಾಯಿ ಮುಚ್ಚಿ, ನೀರೊಳಗೆ “ಮ್‌ಮ್‌” ಎಂದು ಗುನುಗುತ್ತಿದ್ದರೆ ಮೂಗಿನಿಂದ ಗಾಳಿ ತಾನಾಗಿ, ಒಂದೇ ಹದದಲ್ಲಿ ಹೊರಬರುತ್ತದೆ. ಗುಳ್ಳೆಗಳು ಕೆನ್ನೆ ಸವರಿಕೊಂಡು ಕಿವಿಯತ್ತ ಹೋಗುವುದು ತಿಳಿಯುತ್ತದೆ. ಮುಖ ತಿರುಗಿಸುವ ಹೊತ್ತಿಗೆ ಉಳಿದದ್ದನ್ನು ಬಾಯಿಂದ ‘ಫೂ’ ಎಂದು ಊದಿಬಿಟ್ಟರೆ ಹೊಸ ಉಸಿರು ಎಳೆಯುವ ಶ್ರಮವೇ ಇಲ್ಲ. ಮಕ್ಕಳ ಆಟದಂತೆ ಕಾಣುವ ಈ ಅಭ್ಯಾಸವನ್ನು ದಯವಿಟ್ಟು ಯಾರೂ ಬಿಡಬೇಡಿ.

ನಂತರದ್ದು ಮಗ್ಗುಲಲ್ಲಿ ಮಲಗಿ ಕಾಲು ಬಡಿಯುವ ಡ್ರಿಲ್. ಕೆಳಗಿನ ಕೈ ಮುಂದಕ್ಕೆ ಚಾಚಿರಬೇಕು, ಕಿವಿ ಆ ತೋಳಿಗೆ ಒರಗಿರಬೇಕು, ಮೇಲಿನ ಕೈ ತೊಡೆಯ ಮೇಲಿರಬೇಕು. ಉಸಿರಿಗೆ ತಲೆ ಎತ್ತುವಂತಿಲ್ಲ, ಮೈಯೊಂದಿಗೆ ತಿರುಗಿಸಬೇಕು. ಗಾಗಲ್ಸ್‌ನ ಒಂದು ಗಾಜು ನೀರೊಳಗೆ, ಇನ್ನೊಂದು ಹೊರಗೆ ಇದ್ದರೆ ಲೆಕ್ಕ ಸರಿ. ಮುಂದೆ ಸಾಗುವಾಗ ತಲೆ ನೀರನ್ನು ಸೀಳಿ ಎಬ್ಬಿಸುವ ಸಣ್ಣ ಅಲೆಯ ಹಿಂದೆ, ಸರಿಯಾಗಿ ಬಾಯಿಯ ಪಕ್ಕದಲ್ಲಿ, ನೀರು ಕೊಂಚ ತಗ್ಗಿರುತ್ತದೆ. ಬೇಕಾದ ಗಾಳಿ ಆ ತಗ್ಗಿನಲ್ಲೇ ಸಿಗುತ್ತದೆ ಎಂದು ಮೈಗೆ ಮನವರಿಕೆಯಾಗುವವರೆಗೆ ಕತ್ತು ಮೇಲೇಳುತ್ತಲೇ ಇರುತ್ತದೆ. ತಲೆ ಎದ್ದರೆ ತಕ್ಕಡಿಯಂತೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಇಳಿದ ಕಾಲನ್ನು ಎಳೆದುಕೊಂಡು ಹೋಗುವುದಕ್ಕೇ ಅರ್ಧ ಶಕ್ತಿ ಖರ್ಚು.

ಇದು ಕೈಗೂಡಿದ ಮೇಲೆ ಆರು ಕಿಕ್ ಹೊಡೆದು ಮಗ್ಗುಲು ಬದಲಿಸುವುದು, ಆಮೇಲೆ ಕ್ಯಾಚ್-ಅಪ್, ಅಂದರೆ ಒಂದು ಕೈ ಮುಂದೆ ಬಂದು ಇನ್ನೊಂದನ್ನು ಮುಟ್ಟಿದ ನಂತರವೇ ಮುಂದಿನ ಸ್ಟ್ರೋಕ್ (ಕೈಯಿಂದ ನೀರು ಎಳೆಯುವುದು). ಮುಷ್ಟಿ ಕಟ್ಟಿ ಈಜುವುದನ್ನೂ ಮಾಡಿದೆ, ನೀರನ್ನು ಮೊಣಕೈವರೆಗಿನ ತೋಳಿನಿಂದ ಹಿಡಿಯುವುದು ಅದರಿಂದ ಅಭ್ಯಾಸವಾಯಿತು.

ಮೂರು ಸ್ಟ್ರೋಕಿಗೊಮ್ಮೆ ಎರಡೂ ಕಡೆ ಉಸಿರು ತೆಗೆಯುವುದೇ ಸರಿಯೆಂದು ಕೆಲವರು ಪಟ್ಟು ಹಿಡಿಯುತ್ತಾರೆ. ಮೈ ಎರಡೂ ಬದಿಗೆ ಸಮನಾಗಿ ಹೊರಳಲು ಅದು ಒಳ್ಳೆಯ ಅಭ್ಯಾಸವೇ. ಆದರೆ ದೂರ ಈಜುವಾಗ ನಾನು ಎರಡು ಸ್ಟ್ರೋಕಿಗೊಮ್ಮೆ, ಅಂದರೆ ಪ್ರತಿಸಲವೂ ಒಂದೇ ಕಡೆಗೆ, ತೆಗೆಯುತ್ತೇನೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 1500 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದ ಕೇಟಿ ಲೆಡೆಕಿ ಉಸಿರಾಡುವುದೂ ಬಹುಪಾಲು ಒಂದೇ ಕಡೆಗೆ. ಸ್ನಾಯುಗಳು ಗಾಳಿ ಕೇಳುವಾಗ ಜಿಪುಣತನ ಯಾಕೆ?

ಇನ್ನೊಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕು. ಉಸಿರಿನ ಹಿಡಿತವೆಂದರೆ ನೀರಡಿಯಲ್ಲಿ ಎಷ್ಟು ಹೊತ್ತು ಉಸಿರು ಕಟ್ಟಬಲ್ಲೆವು ಎಂಬ ಪಂದ್ಯವಲ್ಲ. ಮುಳುಗುವ ಮುನ್ನ ಜೋರಾಗಿ ಹತ್ತಾರು ಸಲ ಉಸಿರೆಳೆದು ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಮೇಲೆ ಬರಬೇಕೆಂಬ ತುಡಿತವೇ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಇಳಿದು, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜು ಬಲ್ಲವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಕೆರೆ, ಬಾವಿಗಳಲ್ಲಿ ಹುಡುಗರು ಈ ಪಂದ್ಯ ಕಟ್ಟುವುದನ್ನು ಕಂಡರೆ ತಡೆಯಿರಿ.

ಈಗ ಬಲಕ್ಕೆ ತಿರುಗಿ ಉಸಿರಾಡುವುದು ಸಲೀಸಾಗಿದೆ. ಎಡಕ್ಕೆ ತಿರುಗುವಾಗ ಮಾತ್ರ ಮುಂದೆ ಚಾಚಿದ ಬಲಗೈ ನೀರನ್ನು ಕೆಳಕ್ಕೆ ಒತ್ತುತ್ತದೆ, ಮೈ ಕುಸಿಯುತ್ತದೆ. ಅದಕ್ಕಾಗಿ ಬೆಳಗಿನ ಮೊದಲ ಕೆಲವು ಸುತ್ತುಗಳನ್ನು ಬಲ ಮಗ್ಗುಲಿನ ಕಿಕ್‌ಗೇ ಮೀಸಲಿಟ್ಟಿದ್ದೇನೆ.