ಲಾಟ್ ಮತ್ತು ಖಾತೆ ಕೊನೆಗೂ ತಾಳೆಯಾದವು

ದಾವಣಗೆರೆ ಎಪಿಎಂಸಿಯ ಒಂದು ಮೆಕ್ಕೆಜೋಳದ ದಲಾಲಿ ಅಂಗಡಿಗೆ ನಾನೇ ಬರೆದ ಲೆಕ್ಕದ ಸಾಫ್ಟ್‌ವೇರ್ ಇದೆ. ಬರೆದದ್ದು ಜಾವಾದಲ್ಲಿ, ಲೆಕ್ಕ ಕೂರೋ ಡೇಟಾಬೇಸ್ ಮೈಎಸ್‌ಕ್ಯುಎಲ್. ಗುಮಾಸ್ತರು ಒಬ್ಬರೇ ಇದ್ದಾಗ ಏನೂ ತೊಂದರೆ ಇರಲಿಲ್ಲ. ಸುಗ್ಗಿಯಲ್ಲಿ ನಾಲ್ಕು ಜನ ಒಟ್ಟಿಗೆ ಪಟ್ಟಿ (ರೈತರ ಬಿಲ್ಲು) ಮಾಡೋಕೆ ಕೂತರು ನೋಡಿ, ಆಗ ಕೆಟ್ಟಿತು.

ಸರ್ವರ್‌ಗೆಲ್ಲ ಒಂದೇ ಸ್ಟಾಟಿಕ್ ಕನೆಕ್ಷನ್ ಇಟ್ಟಿದ್ದೆ, ಅಂದರೆ ಡೇಟಾಬೇಸ್‌ಗೆ ಎಲ್ಲರೂ ಹಂಚಿಕೊಳ್ಳೋ ಒಂದೇ ಸಂಪರ್ಕ. ಒಬ್ಬರು ಒಂದು ಲಾಟನ್ನು (ರೈತ ತಂದ ರಾಶಿ) ಲೆಕ್ಕದಿಂದ ಕಳೆದಿರುತ್ತಾರೆ. ಅಷ್ಟರಲ್ಲಿ ಪಕ್ಕದವರ ಪಟ್ಟಿ ತಪ್ಪಿ ರೋಲ್‌ಬ್ಯಾಕ್ (ಬರೆದದ್ದೆಲ್ಲ ರದ್ದು) ಆಗುತ್ತದೆ, ಇವರ ಲಾಟೂ ವಾಪಸ್. ಆಮೇಲೆ ಇವರ ಪಾವತಿ ಕಮಿಟ್, ಅಂದರೆ ಖಾಯಂ. ದುಡ್ಡು ಹೋಗಿದೆ, ಲಾಟ್ ಹಾಗೇ ಇದೆ. ಅದೇ ಲಾಟ್‌ಗೆ ಎರಡನೇ ಸಲ ಪಾವತಿಯಾಗಿ ಸುಮಾರು 22 ಸಾವಿರ ನಾನೇ ಕಟ್ಟಿಕೊಟ್ಟೆ.

ಮೊದಲು ಎಲ್ಲ ಮೆಥಡ್‌ಗೂ ಸಿಂಕ್ರನೈಸ್ಡ್ ಹಾಕಿದೆ, ಅಂದರೆ ಒಂದು ಹೊತ್ತಿಗೆ ಒಬ್ಬರನ್ನೇ ಒಳಗೆ ಬಿಡೋ ಲಾಕ್. ಲೆಕ್ಕ ಸರಿಯಾಯಿತು, ಆದರೆ ಪ್ರಿಂಟ್ ಕೂಡ ಲಾಕ್ ಒಳಗೇ ಇತ್ತು. ಒಂದು ಪಟ್ಟಿ ಹೊರಬರೋವರೆಗೆ ಉಳಿದ ಮೂವರು ಸುಮ್ನೆ ಕೂರಬೇಕು. ಹೊರಗೆ ರೈತರ ಸಾಲು. ಯಜಮಾನರು, "ಏನ್ರೀ, ಕೈಬರಹದ ಪುಸ್ತಕನೇ ವಾಸಿ" ಅಂದರು. ಆಮೇಲೆ ಪ್ರತಿ ಕರೆಗೂ ಹೊಸ ಕನೆಕ್ಷನ್ ಮಾಡಿದೆ. ಲಾಟ್ ಒಂದು ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲ ಒಟ್ಟಿಗೆ ಆಗೋ, ಇಲ್ಲದಿದ್ದರೆ ಎಲ್ಲ ಒಟ್ಟಿಗೆ ರದ್ದಾಗೋ ಕೆಲಸಗಳ ಗುಂಪು), ಪಾವತಿ ಇನ್ನೊಂದರಲ್ಲಿ. ಮತ್ತೆ ಅದೇ ಕಥೆ. ಬೆಂಗಳೂರಿನ ಗೆಳೆಯ, "ಇದನ್ನ ಬಿಸಾಕಿ ಸ್ಪ್ರಿಂಗ್ ಫ್ರೇಮ್‌ವರ್ಕ್‌ನಲ್ಲಿ ಹೊಸದಾಗಿ ಬರಿ, ಈ ಡೇಟಾಬೇಸ್ ಪದರ ರಿಪೇರಿ ಆಗಲ್ಲ" ಅಂದ. ಎಂಟು ವರ್ಷದ ಕೋಡ್, ಬಿಸಾಕಲು ಮನಸ್ಸಾಗಲಿಲ್ಲ.

ಕೊನೆಗೆ ಥ್ರೆಡ್‌ಲೋಕಲ್‌ಗೆ ಬಂದೆ. ಪ್ರೋಗ್ರಾಮ್ ಒಳಗೆ ಒಟ್ಟೊಟ್ಟಿಗೆ ನಡೆಯೋ ಒಂದೊಂದು ಕೆಲಸದ ಎಳೆ ಥ್ರೆಡ್. ಪ್ರತಿ ಥ್ರೆಡ್‌ಗೂ ಅದರದ್ದೇ ವಸ್ತು ಇಡೋ ಜಾವಾ ಸೌಲಭ್ಯ ಇದು. ಹೊರಗಿನ ಕರೆ ಪೂಲ್‌ನಿಂದ (ಮೊದಲೇ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಕನೆಕ್ಷನ್ ತಂದು ಥ್ರೆಡ್‌ಗೆ ಕಟ್ಟುತ್ತದೆ. ಒಳಗಿನ ಕರೆಗಳಿಗೆಲ್ಲ ಅದೇ ಕನೆಕ್ಷನ್. ಒಳಗಿನವರು ಕಮಿಟ್ ಮಾಡುವಂತಿಲ್ಲ, ಕೆಟ್ಟರೆ ರೋಲ್‌ಬ್ಯಾಕ್ ಆಗಲಿ ಅಂತ ಗುರುತು ಹಾಕಬಹುದು ಅಷ್ಟೇ. ಕೊನೆಗೆ ಯಾವಾಗಲೂ ಓಡೋ ಫೈನಲಿ ಭಾಗದಲ್ಲಿ ಆ ಕಟ್ಟು ಬಿಚ್ಚೋ ರಿಮೂವ್ ಮರೆತಿದ್ದೆ. ಥ್ರೆಡ್ ಪೂಲ್‌ನ ಅದೇ ಥ್ರೆಡ್ ಮುಂದಿನ ಕೆಲಸಕ್ಕೆ ಬಂದಾಗ ಹಳೇ ಕನೆಕ್ಷನ್ ಹಿಡಿದೇ ಬರುತ್ತಿತ್ತು. ಅದನ್ನ ಹುಡುಕೋಕೆ ಎರಡು ರಾತ್ರಿ ಹೋಯಿತು. ಪ್ರಿಂಟನ್ನು ಕಮಿಟ್ ಆದ ಮೇಲಕ್ಕೆ ತಳ್ಳಿದೆ. ಅರ್ಧ ಜಗಳ ಅಲ್ಲೇ ಮುಗಿಯಿತು.

ಆಮೇಲೆ ಡೆಡ್‌ಲಾಕ್ ಬಂತು, ಒಬ್ಬರ ಲಾಕ್‌ಗೆ ಇನ್ನೊಬ್ಬರು ಕಾಯುತ್ತ ಇಬ್ಬರೂ ನಿಂತುಬಿಡೋದು. ಮೈಎಸ್‌ಕ್ಯುಎಲ್‌ನಲ್ಲಿ ಇದರ ದೋಷ ಸಂಖ್ಯೆ 1213. ಎಲ್ಲ ಕಡೆ ಮೊದಲು ಲಾಟ್, ಆಮೇಲೆ ಖಾತೆ ಅಂತ ಕ್ರಮ ಕಟ್ಟಿದೆ, ಬಹಳ ಕಡಿಮೆಯಾಯಿತು. ಉಳಿದದ್ದಕ್ಕೆ ಮೂರು ಸಲ ಮರುಯತ್ನ. ಮಧ್ಯೆ ಎಷ್ಟು ಹೊತ್ತು ಕಾಯಬೇಕು ಅನ್ನೋ ಲೆಕ್ಕ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು. 1205 (ಲಾಕ್‌ಗೆ ಕಾದು ಹೊತ್ತು ಮೀರಿದ ದೋಷ) ಬಂದರೆ ಮಾತ್ರ ಹುಷಾರು. 1213ರಲ್ಲಿ ಇಡೀ ಟ್ರಾನ್ಸಾಕ್ಷನ್ ಹಿಂದೆ ಹೋಗುತ್ತದೆ, 1205ರಲ್ಲಿ ಡಿಫಾಲ್ಟ್ ಆಗಿ ಆ ಒಂದು ಎಸ್‌ಕ್ಯುಎಲ್ ಆದೇಶ ಮಾತ್ರ. ನಾವೇ ರೋಲ್‌ಬ್ಯಾಕ್ ಕೊಡಬೇಕು.

ನಡುವೆ ಎಸ್‌ಕ್ಯುಲೈಟ್ ಅನ್ನೋ ಚಿಕ್ಕ ಡೇಟಾಬೇಸ್‌ನ ವಾಲ್ ಮೋಡ್ (ಬದಲಾವಣೆಯನ್ನು ಮೊದಲು ಬೇರೆ ಫೈಲಿಗೆ ಬರೆಯೋ ವಿಧಾನ) ಕೂಡ ನೋಡಿದೆ. ಓದೋಕೆ ಚೆನ್ನಾಗಿದೆ, ಆದರೆ ಒಂದು ಹೊತ್ತಿಗೆ ಬರೆಯೋರು ಒಬ್ಬರೇ. ನಮ್ಮಲ್ಲಿ ಬರೆಯೋದೇ ಜಾಸ್ತಿ ಅಲ್ವಾ, ಬಿಟ್ಟೆ.

ಪರೀಕ್ಷೆಗೆ ಹಳೇ ಐ3 ಕಂಪ್ಯೂಟರ್ ಮೇಲೆ 40 ಥ್ರೆಡ್, ಹತ್ತಿರ ಹತ್ತಿರ ಒಂದು ಲಕ್ಷ ಪಟ್ಟಿ ಓಡಿಸಿದೆ. ಲಾಟ್, ಖಾತೆ ಎರಡೂ ಪೈಸೆಗೆ ಪೈಸೆ ಕೂಡಿದವು. ಬೇಕಾದ್ದು ಪೂಲ್‌ನಲ್ಲಿ ಬರೀ ಹತ್ತು ಕನೆಕ್ಷನ್. ಈ ಸುಗ್ಗಿಯಲ್ಲಿ ಒಂದು ದೂರೂ ಬಂದಿಲ್ಲ. ಯಜಮಾನರು ಪಕ್ಕದ ಅಂಗಡಿಯವರನ್ನೂ ಕರೆತಂದು ತೋರಿಸಿದರು. ಗೆಳೆಯ ಮೊನ್ನೆ ಈ ಕನೆಕ್ಷನ್ ನೋಡಿಕೊಳ್ಳೋ ಕೋಡ್ ತುಣುಕು (ಕ್ಲಾಸ್) ಕಳಿಸು ಅಂತ ಕೇಳಿದ. ಮರುಯತ್ನದ ಭಾಗ ತೆಗೆದು ಕಳಿಸಿದ್ದೇನೆ.