ಬಾಣಂತಿಯ ಸ್ಪೈನಲ್ ತಲೆನೋವು: ಗಡಿಯಾರ ಹಿಡಿದು ಪತ್ತೆ ಮಾಡಿದ ನನ್ನ ಅನುಭವ

ದಾವಣಗೆರೆಯ ಎರಡು ಮೂರು ನರ್ಸಿಂಗ್ ಹೋಮ್‌ಗಳಲ್ಲಿ ಸಿಸೇರಿಯನ್‌ಗೆ ಸ್ಪೈನಲ್ (ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುವ ಅರಿವಳಿಕೆ) ಕೊಡುತ್ತಾ ಹದಿನೈದು ವರ್ಷ ಕಳೆದಿದ್ದೇನೆ. ಆ ಸೂಜಿಯ ತೂತಿನಿಂದ ಬೆನ್ನುಹುರಿ ಸುತ್ತಲಿನ ದ್ರವ ಸೋರಿ ಬರುವ ಬಾಣಂತಿಯ ತಲೆನೋವನ್ನು ಹೊತ್ತಿಗೆ ಸರಿಯಾಗಿ ಗುರುತಿಸುವುದು ಕೈಗೆ ಹತ್ತಿದ್ದು ಮಾತ್ರ ಈಚಿನ ನಾಲ್ಕು ವರ್ಷಗಳಲ್ಲಿ. ಅದಕ್ಕೂ ಮೊದಲು ನಾನೂ 'ನಿದ್ದೆಗೆಟ್ಟಿದ್ದಾಳೆ' ಎಂದು ಮಾತ್ರೆ ಬರೆದು ಹೊರಟವನೇ.

ಜಗಳೂರು ಕಡೆಯ ಒಬ್ಬ ಬಾಣಂತಿಯನ್ನು ಹೀಗೆಯೇ ಮನೆಗೆ ಕಳಿಸಿದ್ದೆವು. ತಲೆ ಎತ್ತಿದರೆ ನೋಯುತ್ತದೆಂದು ಆಕೆ ಹೇಳಿದ್ದನ್ನು ಮನೆಯವರು ಶೀತವೆಂದುಕೊಂಡು, ಕಿವಿ ಮುಚ್ಚುವಂತೆ ಬಟ್ಟೆ ಕಟ್ಟಿ, ಕುಡಿಯುವ ನೀರನ್ನೂ ಅಳೆದು ಕೊಟ್ಟಿದ್ದರು. ಎಂಟನೆಯ ದಿನ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಯೇ ಬಂದಳು. ಆಕೆಯದೇ ರಕ್ತ ಸುಮಾರು 15 ಮಿ.ಲೀ. ತೆಗೆದು, ಬೆನ್ನಿನ ಆ ತೂತಿನ ಬಳಿ ಸೇರಿಸಿ ಸೋರಿಕೆ ಮುಚ್ಚುವ ಬ್ಲಡ್ ಪ್ಯಾಚ್ ಮಾಡಿದೆ; ಶುಲ್ಕ ಕೇಳುವ ಮುಖ ನನಗಿರಲಿಲ್ಲ.

ಈಗ ತಲೆನೋವೆಂದ ಬಾಣಂತಿಯನ್ನು ಸಿಸ್ಟರ್‌ಗಳು ದಿಂಬಿಲ್ಲದೆ 15 ನಿಮಿಷ ಮಲಗಿಸಿ, ಹತ್ತಕ್ಕೆ ಎಷ್ಟು ನೋವೆಂದು ಕೇಳಿ ಬರೆದುಕೊಂಡು, ಆಮೇಲೆ ಕೂರಿಸಿ, ಮತ್ತೆ ಗಡಿಯಾರ ನೋಡುತ್ತಾ ಅದನ್ನೇ ಕೇಳುತ್ತಾರೆ. ಮಲಗಿದಾಗ 1, ಕೂತಾಗ 8 ಎಂದರೆ ಸ್ಪೈನಲ್ ತಲೆನೋವಿರಬಹುದೆಂದು ನನಗೆ ಫೋನ್ ಬರುತ್ತದೆ. ಕತ್ತು ಬಿಗಿಯುವುದು, ಕಿವಿ ಗುಂಯ್‌ಗುಡುವುದು, ಮಾತು ಬಾವಿಯೊಳಗಿಂದ ಬಂದಂತೆ ಕೇಳುವುದು ಜೊತೆಗಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಕೂತವಳ ಹೊಟ್ಟೆಯನ್ನು ಹೊಲಿಗೆಯಿಂದ ದೂರದಲ್ಲಿ ಅರ್ಧ ನಿಮಿಷ ಒತ್ತಿ ಹಿಡಿದರೆ ನೋವು ತಗ್ಗಿ, ಕೈ ತೆಗೆದೊಡನೆ ಮರಳುವುದೂ ಉಂಟು. ಹೊಲಿಗೆ ನೋಯದಂತೆ ಎಲ್ಲಿ, ಹೇಗೆ ಒತ್ತಬೇಕೆಂಬುದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

"ಬಾಣಂತಿಗೆ ಕುರ್ಚಿ ಆಟ ಆಡಿಸ್ತೀರಾ, ಡಾಕ್ಟ್ರೇ?" ಎಂದು ಹಿರಿಯ ಪ್ರಸೂತಿ ತಜ್ಞೆಯೊಬ್ಬರು ನಕ್ಕಿದ್ದರು. ಅವರದೇ ರೋಗಿಯೊಬ್ಬಳ ಚೀಟಿಯಲ್ಲಿ ಮೊದಲ ದಿನ ಮಲಗಿದಾಗ 2, ಕೂತಾಗ 7 ಇತ್ತು. ಮೂರನೆಯ ದಿನ ಎರಡೂ 7, ಮಲಗಿದರೂ ನೋವು ಇಳಿದಿರಲಿಲ್ಲ. ಪ್ಯಾಚ್‌ಗೆ ಕೈ ಹಾಕದೆ ಎಂಆರ್‌ಐಗೆ ಕಳಿಸಿದಾಗ ಮೆದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಅಂದಿನಿಂದ ಅವರ ರೌಂಡ್ಸ್‌ನಲ್ಲೂ ಆ ಚೀಟಿ ಇರುತ್ತದೆ. ಬಿಪಿ ಏರಿದ್ದರೆ, ಜ್ವರವಿದ್ದರೆ, ಫಿಟ್ಸ್ ಬಂದಿದ್ದರೆ ಈ ಆಟವನ್ನೇ ಆಡಿಸುವುದಿಲ್ಲ. ಅಂಥ ಬಾಣಂತಿಯರ ದಾರಿ ಬೇರೆ.

ನಡುವೆ ಈ ತಲೆನೋವಿಗೆ ಮೂಗಿನೊಳಗೆ, ಮರಗಟ್ಟಿಸುವ ಔಷಧಿ ಲಿಗ್ನೊಕೇನ್‌ನಲ್ಲಿ ಅದ್ದಿದ ಹತ್ತಿಯಿಡುವ ಪ್ರಯೋಗವನ್ನೂ ಏಳೆಂಟು ಮಂದಿಯಲ್ಲಿ ಮಾಡಿದೆ. ಐವರು ಎದ್ದು ಕೂತರು, ಅವರಲ್ಲಿ ಮೂವರಿಗೆ ಸಂಜೆಯೊಳಗೆ ನೋವು ಮರಳಿತು. ಫಿಲ್ಟರ್ ಕಾಫಿಯಿಂದಲೂ ಇಷ್ಟೇ ಫಲ, ಖರ್ಚು ಮಾತ್ರ ಕಡಿಮೆ.

ಜಗಳವಾದದ್ದು ಸೂಜಿಯ ದುಡ್ಡಿಗೆ. ಕತ್ತರಿಸುವ ಮೊನೆಯ 25 ಗೇಜ್ ಕ್ವಿಂಕಿ ಸೂಜಿ ಆಗ ನೂರು ರೂಪಾಯಿಯೊಳಗೆ ಸಿಗುತ್ತಿತ್ತು. ಅದಕ್ಕಿಂತ ತೆಳುವಾದ, ಪೆನ್ಸಿಲ್ ಮೊನೆಯ 27 ಗೇಜ್ ವಿಟಾಕರ್ ಸೂಜಿಗೆ ಮೂರು ಪಟ್ಟಿಗೂ ಹೆಚ್ಚು. ಮಾಲೀಕರು ಒಪ್ಪದಿದ್ದಾಗ ಮೊದಲ ಡಬ್ಬಿಯನ್ನು ನಾನೇ ಕೊಂಡೆ. ತಿಂಗಳಿಗೆ ಎರಡು ಮೂರು ಬರುತ್ತಿದ್ದ ತಲೆನೋವು ಈಗ ಎರಡು ಮೂರು ತಿಂಗಳಿಗೊಂದು ಬಂದರೆ ಹೆಚ್ಚು. 1898ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ ತಮ್ಮ ಬೆನ್ನಿಗೇ ಸೂಜಿ ಹಾಕಿಸಿಕೊಂಡು ಒಂಬತ್ತು ದಿನ ಇದೇ ನೋವು ಉಂಡಿದ್ದರು, ಮಲಗಿದರೆ ಇಳಿಯುತ್ತದೆಂದು ಬರೆದೂ ಇಟ್ಟಿದ್ದರು. ನಾನು ಅದಕ್ಕೆ ಸೇರಿಸಿದ್ದು ಒಂದು ಚೀಟಿ, ಒಂದು ಗಡಿಯಾರ.

ಮನೆಗೆ ಹೋದವರಿಗೆ ಐದನೆಯ ದಿನ ಸಿಸ್ಟರ್ ಫೋನ್ ಮಾಡಿ, "ಕೂತು ಹಾಲು ಕುಡಿಸ್ತೀರೋ, ಮಲಗಿಯೋ?" ಎಂದು ಕೇಳುತ್ತಾರೆ. ಬಾಣಂತಿಯರು ನಾಚಿಕೊಂಡಾರೆಂದು ಅವರು ಮೊದಲು ಹಿಂಜರಿದಿದ್ದರು. ಫೋನ್ ಎತ್ತುವವರು ಹೆಚ್ಚಾಗಿ ಅಜ್ಜಿಯರೇ ಆದ್ದರಿಂದ ಉತ್ತರ ವಿವರವಾಗಿಯೇ ಬರುತ್ತದೆ.