ಬಿಸಿಲುನಾಡಿನ ಹಿತ್ತಲಲ್ಲಿ ಚೆರ್ರಿ ಪೊದೆ: ಆಯ್ಕೆಯಿಂದ ಕೊಯ್ಲಿನವರೆಗೆ

‘ಚೆರ್ರಿ ಗಿಡ’ ಎಂಬ ಒಂದೇ ಹೆಸರಿನಲ್ಲಿ ನರ್ಸರಿಗಳು ಮತ್ತು ಜಾಲತಾಣಗಳು ನಾಲ್ಕೈದು ಬೇರೆ ಬೇರೆ ಸಸ್ಯಗಳನ್ನು ಮಾರುತ್ತಿರುವುದರಿಂದ, ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಮನೆಯಂಗಳಕ್ಕೆ ಯಾವುದನ್ನು ತರಬಾರದು ಎಂಬುದನ್ನು ಮೊದಲು ಅರಿಯಬೇಕು. ನಾನ್‌ಕಿಂಗ್ ಚೆರ್ರಿ, ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯ ರೂಪಿಸಿದ ಕಾರ್ಮೈನ್ ಜ್ಯುವೆಲ್, ರೋಮಿಯೊ, ಜೂಲಿಯೆಟ್ ಮುಂತಾದ ಗಿಡ್ಡ ತಳಿಗಳು ನಿಜವಾದ ಪೊದೆ ಚೆರ್ರಿಗಳೇ ಆದರೂ, ಚಳಿಗಾಲದಲ್ಲಿ ಎಲೆ ಉದುರಿಸಿ, 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪಿನಲ್ಲಿ ನೂರಾರು ಗಂಟೆ ಕಳೆಯದೆ ಅವು ಸರಿಯಾಗಿ ಹೂಬಿಡುವುದಿಲ್ಲ. ನಮ್ಮ ಡಿಸೆಂಬರ್ ಅಷ್ಟು ಚಳಿಯನ್ನು ಕೊಡಲಾರದು. ಅಂಥ ಸಸಿಗೆ ಹಣ ಹಾಕುವುದು ವ್ಯರ್ಥ.

ನಮ್ಮ ಬಿಸಿಲಿಗೆ ಒಗ್ಗುವ ಪೊದೆಗಳು ಮುಖ್ಯವಾಗಿ ಎರಡು. ಒಂದು ಕವಳಿ, ಆಂಧ್ರದ ಗಡಿಯ ಮನೆಗಳಲ್ಲಿ ಇದನ್ನೇ ವಾಕ್ಕಾಯ ಎಂದು ಕರೆದು ತೊಗರಿಬೇಳೆಯೊಂದಿಗೆ ಬೇಯಿಸುತ್ತಾರೆ. ಇದು ಸಸ್ಯಶಾಸ್ತ್ರದ ಪ್ರಕಾರ ಚೆರ್ರಿ ಅಲ್ಲ, ಆದರೆ ಬೇಕರಿಯ ಕೇಕಿನ ಮೇಲೆ ಕೂರುವ ಕೆಂಪು ‘ಚೆರ್ರಿ’ ಹೆಚ್ಚಾಗಿ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ ಕವಳಿಕಾಯಿಯೇ. ಇನ್ನೊಂದು ಬಾರ್ಬಡೋಸ್ ಚೆರ್ರಿ ಅಥವಾ ವೆಸ್ಟ್ ಇಂಡಿಯನ್ ಚೆರ್ರಿ. 100 ಗ್ರಾಂ ಹಣ್ಣಿನಲ್ಲಿ 1,000 ಮಿಲಿಗ್ರಾಂಗೂ ಹೆಚ್ಚು ‘ಸಿ’ ಜೀವಸತ್ವವಿರುವ ಈ ಗಿಡ ಎರಡು-ಮೂರು ಮೀಟರ್ ಎತ್ತರದ ಪೊದೆಯಾಗಿ ನಿಲ್ಲುತ್ತದೆ. ಏಣು ಏಣಾದ ಹಣ್ಣಿನ ಸುರಿನಾಮ್ ಚೆರ್ರಿಯೂ ಬೆಳೆಯಬಲ್ಲದು. ಆದರೆ ಸವಳು ನೀರನ್ನು ಅದು ಸಹಿಸುವುದಿಲ್ಲ, ಹಣ್ಣಿಗೂ ರಾಳದಂಥ ವಾಸನೆ ಇರುತ್ತದೆ. ಈ ಲೇಖಕನ ಮಟ್ಟಿಗೆ ಅದು ಮೂರನೆಯ ಆಯ್ಕೆ.

ಮಣ್ಣು ನೋಡಿ ನಿರ್ಧರಿಸಿ

ಇವೆರಡರಲ್ಲಿ ಯಾವುದು ಎಂಬುದನ್ನು ಹಿತ್ತಲಿನ ಮಣ್ಣೇ ತೀರ್ಮಾನಿಸುತ್ತದೆ. ಒಂದೂವರೆ ಅಡಿ ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿಸಿ ಇಂಗಲು ಬಿಟ್ಟು, ಎರಡನೆಯ ಬಾರಿ ತುಂಬಿಸಿ ಗಮನಿಸಬೇಕು. ಮಸಾರಿ ಅಥವಾ ಗರಸು ಭೂಮಿಯಲ್ಲಿ ಆ ನೀರು ಕೆಲವೇ ಗಂಟೆಗಳಲ್ಲಿ ಇಂಗುತ್ತದೆ; ಅಲ್ಲಿ ಎರಡನ್ನೂ ನೆಡಬಹುದು. ಎರೆ ಭೂಮಿಯಲ್ಲಿ ಮರುದಿನವೂ ನೀರು ನಿಂತಿದ್ದರೆ ಗುಂಡಿಯಲ್ಲಿ ನೆಡುವುದನ್ನೇ ಬಿಟ್ಟು, ಒಂದೂವರೆ ಅಡಿ ಎತ್ತರದ ದಿಬ್ಬ ಕಟ್ಟಿ ಅದರ ಮೇಲೆ ನೆಡಬೇಕು. ಎರೆ ನೆಲದಲ್ಲಿ ಗುಂಡಿಯೊಳಗೆ ಮಾತ್ರ ಮರಳು, ಗೊಬ್ಬರ ತುಂಬಿದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿದು ಬೇರು ಕೊಳೆಯುತ್ತದೆ ಎಂಬುದನ್ನು ಮರೆಯಬಾರದು.

ತುಂಗಭದ್ರಾ ಕಾಲುವೆಯ ಸಿಂಧನೂರು, ಗಂಗಾವತಿ, ಸಿರುಗುಪ್ಪ ಸೀಮೆಯಲ್ಲಿ ನೆಲ ಸವಳಾಗಿದ್ದರೆ ಅಥವಾ ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಬೇರೆ ಯೋಚನೆ ಬೇಡ, ಕವಳಿಯನ್ನೇ ಹಾಕಿ. ಅದು ಬರವನ್ನೂ ಒಂದು ಮಟ್ಟದ ಸವಳನ್ನೂ ತಾಳಿಕೊಳ್ಳುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಬಾರ್ಬಡೋಸ್ ಚೆರ್ರಿಯ ಎಳೆ ಎಲೆಗಳು ನರ ಮಾತ್ರ ಹಸಿರುಳಿದು ಹಳದಿಯಾಗುವುದುಂಟು. ಅದು ಕಬ್ಬಿಣದ ಕೊರತೆಯ ಲಕ್ಷಣ.

ಸಸಿ ಆರಿಸುವಾಗ

ಕವಳಿಯಲ್ಲಿ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ, ಕೊಂಕಣ ಬೋಲ್ಡ್ ಎಂಬ ಹೆಸರಾದ ತಳಿಗಳಿವೆ. ಬೀಜದಿಂದ ಎದ್ದ ಸಸಿಗಳ ಹಣ್ಣಿನ ಗಾತ್ರ, ಬಣ್ಣ, ಹುಳಿ ಒಂದೇ ರೀತಿ ಇರುವುದಿಲ್ಲವಾದ್ದರಿಂದ, ತಳಿ ಸಿಗದಿದ್ದರೆ ತಾಯಿಗಿಡದ ಹಣ್ಣನ್ನು ರುಚಿ ನೋಡಿ ಸಸಿ ಪಡೆಯುವುದು ಲೇಸು. ಬಾರ್ಬಡೋಸ್ ಚೆರ್ರಿಯಲ್ಲಿ ಗೂಟಿ ಕಟ್ಟಿದ (ತಾಯಿಗಿಡದ ಕೊಂಬೆಯಲ್ಲೇ ಬೇರು ಬರಿಸಿ ಕತ್ತರಿಸಿದ) ಅಥವಾ ಕಡ್ಡಿ ನೆಟ್ಟು ಬೇರು ಬರಿಸಿದ ಸಸಿಯನ್ನೇ ಕೇಳಿ ಪಡೆಯಿರಿ. ಬೀಜದ ಮೊಳಕೆ ಅದರಲ್ಲಿ ತೀರಾ ಕಡಿಮೆ. ಎಲೆಯಂಚಿನಲ್ಲಿ ಮುಳ್ಳಿನಂಥ ಹಲ್ಲುಗಳಿರುವ ಪುಟ್ಟ ಗಿಡವನ್ನು ‘ಮಿನಿ ಚೆರ್ರಿ’ ಎಂದು ಕೊಟ್ಟರೆ ಅದು ಅಲಂಕಾರದ ಗಿಡ. ‘ಸಿಂಗಪುರ ಚೆರ್ರಿ’ ಎಂದರೆ ನಮ್ಮ ಗಸಗಸೆ ಹಣ್ಣಿನ ಮರವೇ. ಅದು ಪೊದೆಯಲ್ಲ, ಮಾಳಿಗೆ ಮೀರಿ ಬೆಳೆಯುತ್ತದೆ.

ನೆಡುವುದು, ನೀರು ಕೊಡುವುದು

ಬೇಸಿಗೆಯಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು. ಮಿರಗದ ಮಳೆ ಬಿದ್ದು ನೆಲ ನೆನೆದ ಮೇಲೆ ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ತಿಪ್ಪೆ ಗೊಬ್ಬರ ಮತ್ತು ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ ಸಸಿ ನೆಡಬೇಕು. ಬಾರ್ಬಡೋಸ್ ಚೆರ್ರಿಯ ದೊಡ್ಡ ಶತ್ರು ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳು. ಆದ್ದರಿಂದ ಅದರ ಗುಂಡಿಗೆ ಬೇವಿನ ಹಿಂಡಿಯನ್ನು ತಪ್ಪಿಸಬಾರದು, ಬದನೆ, ಟೊಮೆಟೊ ಬೆಳೆದ ಮಡಿಯಲ್ಲಿ ಅದನ್ನು ನೆಡಲೂಬಾರದು. ಕವಳಿಯನ್ನು ಬೇಲಿಗಾಗಿ ಹಾಕುವುದಾದರೆ ಗಿಡದಿಂದ ಗಿಡಕ್ಕೆ ಒಂದು ಮೀಟರ್, ಹಣ್ಣಿಗಾಗಿ ಆದರೆ ಎರಡರಿಂದ ಮೂರು ಮೀಟರ್ ಅಂತರವಿರಲಿ. ಕವಲೊಡೆದ ಅದರ ಮುಳ್ಳು ಗಟ್ಟಿಯಾದುದರಿಂದ ಮಕ್ಕಳು ಓಡಾಡುವ ದಾರಿಗೆ ತಾಗಿ ನೆಡಬೇಡಿ.

ಬಾರ್ಬಡೋಸ್ ಚೆರ್ರಿಯ ಬೇರು ಮೇಲ್ಪದರದಲ್ಲೇ ಹರಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮಲ್ಲಿ ಬುಡದ ಮಣ್ಣು ಕಾಯದಂತೆ ಜೋಳದ ಸೊಪ್ಪೆ, ಶೇಂಗಾ ಸಿಪ್ಪೆ ಅಥವಾ ಭತ್ತದ ಹುಲ್ಲನ್ನು ನಾಲ್ಕು ಬೆರಳು ದಪ್ಪ ಹಾಸಿ, ಕಾಂಡಕ್ಕೆ ತಾಗದಂತೆ ಸರಿಸಿಡಬೇಕು. ಈ ಗಿಡಕ್ಕೆ ಬೇಸಿಗೆಯಲ್ಲಿ ಮೂರು-ನಾಲ್ಕು ದಿನಕ್ಕೊಮ್ಮೆ ನೀರು ಬೇಕು. ತುಸು ಒಣಗಿದ ಗಿಡ ಚೆನ್ನಾಗಿ ನೀರುಂಡ ಮೇಲೆ ಹೂ ತುಂಬಿಕೊಳ್ಳುತ್ತದೆ. ಹೂ ಕಾಯಿಯಾಗಿ ಹಣ್ಣಾಗಲು ಮೂರ್ನಾಲ್ಕು ವಾರ ಸಾಕು. ಕವಳಿಗೆ ಮೊದಲ ಎರಡು ವರ್ಷ ಕಾಳಜಿ ವಹಿಸಿದರೆ ಮುಂದೆ ಹೆಚ್ಚಿನ ಆರೈಕೆ ಬೇಡ.

ಸವರುವಿಕೆ ಮತ್ತು ಕೊಯ್ಲು

ಹಣ್ಣು ಮುಗಿದ ಕೂಡಲೇ ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆದು ನಡುವೆ ಗಾಳಿಯಾಡುವಂತೆ ಸವರಬೇಕು. ಕವಳಿಯನ್ನು ಕತ್ತರಿಸುವಾಗ ಒಸರುವ ಬಿಳಿ ಹಾಲು ಬಟ್ಟೆಗೆ ಕಲೆ ಮಾಡುತ್ತದೆ. ಹಿಟ್ಟು ತಿಗಣೆ ಕಂಡರೆ ಬೇವಿನ ಎಣ್ಣೆಗೆ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿದರೆ ಸಾಕು.

ಕವಳಿ ಸಾಮಾನ್ಯವಾಗಿ ಮೂರನೆಯ ವರ್ಷದಿಂದ ಫಲ ಕೊಡುತ್ತದೆ. ಉಪ್ಪಿನಕಾಯಿಗೂ ಜೆಲ್ಲಿಗೂ ಬಲಿತ, ಇನ್ನೂ ಹಣ್ಣಾಗದ ಕಾಯಿ ಉತ್ತಮ, ಏಕೆಂದರೆ ಜೆಲ್ಲಿ ಗಟ್ಟಿಯಾಗಿಸುವ ಪೆಕ್ಟಿನ್ ಆ ಹಂತದಲ್ಲೇ ಹೆಚ್ಚಿರುತ್ತದೆ. ಹಾಗೇ ತಿನ್ನಲು ಕಪ್ಪು ನೇರಳೆ ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಬಾರ್ಬಡೋಸ್ ಚೆರ್ರಿ ಕೊಯ್ದ ಎರಡು-ಮೂರು ದಿನಗಳಲ್ಲಿ ಕೆಡುವುದರಿಂದ ಅಂದಂದೇ ತಿನ್ನಬೇಕು, ಇಲ್ಲವೇ ಬೀಜ ತೆಗೆದು ತಿರುಳನ್ನು ಫ್ರೀಜರ್‌ನಲ್ಲಿಡಬೇಕು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿ ಮಿತವಾಗಿ ಬಳಸುವುದು ಕ್ಷೇಮ. ಕವಳಿಯ ಸಸಿಗಳನ್ನು ಮನೆಯಲ್ಲೇ ಎಬ್ಬಿಸುವವರು ಪೂರ್ತಿ ಮಾಗಿದ ಹಣ್ಣಿನ ಬೀಜವನ್ನು ತೊಳೆದು, ಒಣಗಿಸಿ ಇಟ್ಟುಕೊಳ್ಳದೆ, ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಕೂಡಲೇ ಪಾಲಿಥಿನ್ ಚೀಲಗಳಲ್ಲಿ ಬಿತ್ತಬೇಕು.